ಮೊದಲು ನಾಲಿಗೆ, ಆಮೇಲೆ ತೊಗಲು

ಕಾಕಾನ ನಾಲಿಗೆಯ ತುದಿಯಲ್ಲಿ ಇಟ್ಟಿಗೆ ಬಣ್ಣದ ಒಂದು ಕಲೆ ಇರುತ್ತಿತ್ತು. ಎಲೆ ಅಡಿಕೆಯದಲ್ಲ, ಅವರಿಗೆ ಆ ಚಟವಿರಲಿಲ್ಲ. ಕೋಣಗಳು ನೆಕ್ಕಲೆಂದು ಕೊಟ್ಟಿಗೆಯ ಕಂಬಕ್ಕೆ ಕಟ್ಟುವ ಖನಿಜದ ಇಟ್ಟಿಗೆಯ ಬಣ್ಣ ಅದು. ಹೊಸ ಇಟ್ಟಿಗೆ ಬಂದಾಗ ಮೇಲಿನ ಕಾಗದ ಸುಲಿದು, ಮೊದಲು ತಾವೇ ಒಂದು ಮೂಲೆಯನ್ನು ನೆಕ್ಕಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಪಕ್ಕಕ್ಕೆ ಉಗಿಯುತ್ತಿದ್ದರು. ಬರೀ ಉಪ್ಪು ಐತಿ, ಉಳಿದದ್ದು ಏನೂ ಇಲ್ಲ ಎಂದು ಒಂದು ಸಲ ಇಡೀ ಡಬ್ಬವನ್ನೇ ಅಂಗಡಿಗೆ ವಾಪಸು ಕಳಿಸಿದ್ದರು. ನಿಮ್ಮ ನಾಲಿಗೆ ಏನು ಪ್ರಯೋಗಶಾಲೆಯೇ ಎಂದು ನಾನು ಕೇಳಿದ್ದೆ.

"ಅಲ್ಲವಾ. ಆದ್ರ ಇದಕ್ಕ ಕರೆಂಟ್ ಬೇಕಾಗಂಗಿಲ್ಲ" ಎಂದರು.

ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಅವರು ನಮ್ಮ ಮೇಲಿನ ಮನೆಯವರು, ನಮ್ಮ ಕಡೆಯ ಕನ್ನಡದವರೇ. ಅಪ್ಪ ಬ್ಯಾಂಕಿನ ವರ್ಗಾವಣೆಯಾಗಿ ವಿಜಯಪುರದಿಂದ ಅಲ್ಲಿಗೆ ಬಂದವರು. ಕಾಕಾ ಕೇಂದ್ರ ಸರ್ಕಾರದ ಒಂದು ಪಶು ಸಂಗೋಪನೆ ಕೇಂದ್ರದಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಸಹಾಯಕ. ಡಾಕ್ಟರು ಸಹಿ ಹಾಕುತ್ತಿದ್ದರು, ನಾನು ದನ ಹಿಡಿಯುತ್ತಿದ್ದೆ ಎಂದು ತಮ್ಮ ನೌಕರಿಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ನಾಶಿಕ್‌ನಲ್ಲಿದ್ದಳು. ಕಾಕಾ ಮಾತ್ರ ಅಲ್ಲೇ ಉಳಿದು, ಬಿಡಕಿನ್ ಹತ್ತಿರ ಒಂದು ಶೆಡ್ಡಿನಲ್ಲಿ ಕೋಣ ಸಾಕುವವರ ಬಳಿ ಕೆಲಸಕ್ಕೆ ಸೇರಿಕೊಂಡಿದ್ದರು. ನಲವತ್ತೆರಡು ಕೋಣಗಳು. ಅಲ್ಲಿಯವರು ರೇಡಾ ಎನ್ನುತ್ತಾರೆ. ಎಳೆಯ ಗಂಡುಗರುಗಳನ್ನು ತಂದು, ಮೇಯಿಸಿ, ಮೈ ತುಂಬಿದ ಮೇಲೆ ಮಾಂಸಕ್ಕೆ ಕಳಿಸುವ ಹಿಂಡು.

ಕಾಕಾ ಮೊಟ್ಟೆ ಕೂಡ ಮುಟ್ಟದವರು. ಗುರುವಾರ ಉಪವಾಸ ಬೇರೆ. ಹಾಗಾಗಿ ನಮ್ಮ ಊರಿನ ಕಡೆಯ ಮನೆಗಳಲ್ಲಿ ಅವರ ಹಿಂದೆ ಒಂದು ಮಾತು ಇದ್ದೇ ಇತ್ತು. ಅಮ್ಮನೇ ಅನ್ನುತ್ತಿದ್ದಳು, ಪೆನ್ಷನ್ ಬರುತ್ತೆ, ಇವರಿಗೇನು ದಾಡಿ, ಕಟುಕರ ಕೋಣ ಕಾಯೋದಕ್ಕೆ. ನನಗೆ ಅದು ಹೇಸಿಗೆಯ ಪ್ರಶ್ನೆಯಾಗಿರಲಿಲ್ಲ, ತರ್ಕದ ಪ್ರಶ್ನೆಯಾಗಿತ್ತು. ಆಗ ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ಯಾವುದು ಬಂದರೂ ಗೆಲ್ಲುವುದು ನನಗೆ ಅಭ್ಯಾಸವಾಗಿತ್ತು. ಒಂದು ಭಾನುವಾರ ಅವರ ಸ್ಕೂಟರಿನ ಹಿಂದೆ ಕೂತು ಶೆಡ್ಡಿಗೆ ಹೋದದ್ದು ಕೋಣ ನೋಡಲಿಕ್ಕಲ್ಲ, ಅವರನ್ನು ಮೂಲೆಗೆ ನಿಲ್ಲಿಸಲಿಕ್ಕೆ.

ಪೈಠಣ ರಸ್ತೆಯ ಎರಡೂ ಕಡೆ ಹೊಸ ಕಾರ್ಖಾನೆಗಳ ಕಾಂಪೌಂಡು ಏಳುತ್ತಿದ್ದ ಕಾಲ. ಅವುಗಳ ನಡುವೆ ಒಂದು ಮುಸುಕಿನ ಜೋಳದ ಹೊಲ, ಅದರ ಹಿಂದೆ ಶೆಡ್ಡು. ಕಾಕಾ ಒಳಗೆ ಹೋಗುವ ಮೊದಲು ಬಿಸಿಲಿಗೆ ಬೆನ್ನು ಮಾಡಿ ನಿಂತು, ಒಂದು ಕೋಣದ ಒಂದೇ ಮಗ್ಗುಲನ್ನು ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. ಜಪ ಮಾಡುತ್ತಿದ್ದಾರೆ ಅಂದುಕೊಂಡೆ. ನೊಣ ಎಣಿಸುತ್ತಿದ್ದರು. ಐದೈದರಂತೆ, ಭುಜದಿಂದ ಹೊಟ್ಟೆಯವರೆಗೆ. ಹೀಗೇ ಐದಾರು ಕೋಣ ಎಣಿಸಿ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ನೋಡಿ, ಹೆಚ್ಚಾಗಿದ್ದರೆ ಮಾತ್ರ ಔಷಧದ ಮಾತು. ಇಲ್ಲದಿದ್ದರೆ ಸಗಣಿ ದೂರ ಹಾಕಿಸುವುದು, ಸಂಜೆಗೆ ಬೇವಿನ ಸೊಪ್ಪಿನ ಹೊಗೆ. ಎಣಿಸದೆ ಔಷಧ ಹೊಡೆಯುವವನು ಹೆದರಿ ಹೊಡೆಯುತ್ತಾನೆ ಎನ್ನುವುದು ಅವರ ಮಾತು. ನಾನು ಆಗ ಒಪ್ಪಿದ ಅವರ ಒಂದೇ ಒಂದು ಮಾತು ಅದು.

ಹೋದ ಮೊದಲ ದಿನವೇ ಕೇಳಿಬಿಟ್ಟೆ. ನಾಲ್ಕು ತಿಂಗಳಿಗೆ ಸಾಯುವ ಪ್ರಾಣಿಗೆ ಸುಣ್ಣ, ರಂಜಕ, ತಾಮ್ರ ಎಲ್ಲ ಏತಕ್ಕೆ? ತೂಕ ಹೆಚ್ಚಲಿ ಎಂದಾದರೆ ಅದು ವ್ಯಾಪಾರ. ದಯೆಯಿಂದ ಎಂದಾದರೆ ಸಾಕುವುದನ್ನೇ ಬಿಡಿ. ಎರಡರಲ್ಲಿ ಒಂದು ಹೇಳಿ.

ಕಾಕಾ ಇಟ್ಟಿಗೆ ಕಟ್ಟುತ್ತಿದ್ದರು. ಹಗ್ಗದ ಗಂಟನ್ನು ಎರಡು ಸಲ ಎಳೆದು ನೋಡಿದರು.

"ಅವು ಎಲ್ಲಿ ಹೊಕ್ಕಾವು ಅನ್ನೂದು ನನ್ನ ಕೈಯಾಗಿಲ್ಲ ವಕೀಲವ್ವ. ಹೋಗೂತನಕಾ ನೊಣ ಕಡೀಬಾರದು, ಬಾಯಿ ಚಪ್ಪಗ ಇರಬಾರದು. ಅಷ್ಟು ನನ್ನ ಕೈಯಾಗೈತಿ. ನಿನಗ ಅದು ವ್ಯಾಪಾರ ಅನಿಸಿದ್ರ ವ್ಯಾಪಾರ ಅನ್ನು."

ವಕೀಲವ್ವ ಎಂದು ಅವರು ನನಗೆ ಹೆಸರಿಟ್ಟಿದ್ದು ಅವತ್ತೇ. ಇದು ಉತ್ತರವಲ್ಲ, ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವುದು ಎಂದು ನಾನು ಅಂದೆ. ಹೌದು ಎಂದು ಒಪ್ಪಿಕೊಂಡರು. ಹೀಗೆ ಒಪ್ಪಿಕೊಳ್ಳುವವರ ಜೊತೆ ವಾದ ಮಾಡುವುದು ಬಹಳ ಕಷ್ಟ, ಗೆದ್ದ ಸುಖವೇ ಸಿಗುವುದಿಲ್ಲ. ಆ ಸುಖಕ್ಕಾಗಿಯೇ ಇರಬೇಕು, ನಾನು ಪ್ರತಿ ಭಾನುವಾರ ಹೋಗತೊಡಗಿದೆ.

ಕಾಕಾನದು ಒಂದು ಕಟ್ಟುನಿಟ್ಟು ಇತ್ತು. ಮೊದಲ ನಾಲಿಗಿ, ಆಮ್ಯಾಲ ತೊಗಲು. ಅಂದರೆ ಕೋಣಕ್ಕೆ ನೆಕ್ಕುವ ಇಟ್ಟಿಗೆ ತಪ್ಪಿದ್ದರೆ ಮೈಗೆ ನೊಣದ ಔಷಧ ಹೊಡೆಯುವಂತಿಲ್ಲ. ಹದಿನೈದು ದಿನ ಇಟ್ಟಿಗೆ ನೆಕ್ಕಿ ಬಾಯಿಯ ಹಸಿವು ಇಳಿದ ಮೇಲೆ ಮಾತ್ರ. ಇಟ್ಟಿಗೆ ಇಲ್ಲದ ಕೋಣ ಗೋಡೆ ನೆಕ್ಕುತ್ತದೆ, ಹಗ್ಗ ಅಗಿಯುತ್ತದೆ, ಏನೂ ಸಿಗದಿದ್ದರೆ ಪಕ್ಕದ ಕೋಣದ ಬೆನ್ನು ನೆಕ್ಕುತ್ತದೆ. ಬೆನ್ನ ಮೇಲೆ ಏನಿದೆಯೋ ಅದು ಹೊಟ್ಟೆಗೆ. ಇದು ಅವರ ವಾದ. ನಾನು ಇದನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಿದ್ದೆ, ಬೆಕ್ಕು ಅಡ್ಡ ಹೋದ ಹಾಗೆ.

ಆ ವರ್ಷ ಶ್ರಾವಣದಲ್ಲಿ ಇಟ್ಟಿಗೆ ಬರಲಿಲ್ಲ. ಪೇಟೆಯ ಅಂಗಡಿಯವನು ನಾಳೆ, ನಾಡಿದ್ದು ಎನ್ನುತ್ತ ಮೂರು ವಾರ ಕಳೆದ. ಬೇರೆ ಅಂಗಡಿಯದು ಕಾಕಾನ ನಾಲಿಗೆಗೆ ಹತ್ತಲಿಲ್ಲ. ಅದೇ ಮೂರು ವಾರದಲ್ಲಿ ಮಳೆ ಹಿಡಿದು, ಸಗಣಿ ಒಣಗದೆ, ನೊಣ ಕವಿಯಿತು. ಕೋಣಗಳ ಕಣ್ಣಿನ ಸುತ್ತ, ಹೊಟ್ಟೆಯ ಕೆಳಗೆ, ಕರಿ ತೊಗಲಿನ ಮೇಲೆ ಇನ್ನೊಂದು ಕರಿ ತೊಗಲು. ಕಾಲು ಬಡಿದು ಬಡಿದು ನೆಲ ಕೆಸರಾಗಿತ್ತು. ಕೆಲವಕ್ಕೆ ಗಾಯವಾಗಿ ಕೀವು ಕಟ್ಟಿತ್ತು. ಕಾಕಾ ಎಣಿಸಲು ನಿಂತವರು ಅರ್ಧಕ್ಕೇ ಬಿಟ್ಟರು.

ಆ ಭಾನುವಾರ ಮಾಲಕರ ತಮ್ಮ ಎರಡು ಕ್ಯಾನು ತಂದಿಟ್ಟಿದ್ದ. ಅವನ ಹೆಂಡತಿಯ ತವರು ಸಿಲ್ಲೋಡ್ ಕಡೆ. ಅಲ್ಲಿ ಹತ್ತಿಗೆ ಹೊಡೆದು ಉಳಿದದ್ದು. ಹತ್ತಿಯ ಹುಳು ಸಾಯುತ್ತದೆ, ನೊಣ ಯಾವ ಗಿಡದ ತಪ್ಪಲು ಎಂದು ನಗುತ್ತಿದ್ದ. ನಗಿಸುವ ಮನುಷ್ಯ. ನನ್ನನ್ನು ದೀದಿ ಎನ್ನುತ್ತಿದ್ದ. ಆ ಸೀಮೆಯಲ್ಲಿ ಇದೇನು ಹೊಸದಲ್ಲ. ಹೊಲದ ಔಷಧ ಮಿಕ್ಕಿದ್ದು ದನದ ಉಣ್ಣಿಗೆ, ಮನೆಯ ತಿಗಣೆಗೆ, ಒಮ್ಮೊಮ್ಮೆ ಹುಡುಗರ ತಲೆಯ ಹೇನಿಗೂ ಹೋಗುತ್ತದೆ. ಕಾಕಾ ಬೇಡವೇ ಬೇಡ ಎಂದರು. ಯಾಕೆ ಎಂದು ಕೇಳಿದ್ದು ಅವನಲ್ಲ, ನಾನು.

ದನಕ್ಕೆಂದೇ ಮಾಡಿದ ಔಷಧದ ಒಂದು ಸಣ್ಣ ಬಾಟಲಿ ಕಾಕಾನ ಚೀಲದಲ್ಲೇ ಇರುತ್ತಿತ್ತು. ಅದನ್ನು ತೆಗೆದು ಕ್ಯಾನಿನ ಪಕ್ಕದಲ್ಲಿಟ್ಟೆ. ಲೇಬಲ್ ಓದಿದೆ. ಕಾಕಾ ಅವತ್ತು ಕನ್ನಡಕ ತಂದಿರಲಿಲ್ಲ. ಏನು ಬರೆದಿದೆ ಓದು ಎಂದರು. ಬಾಟಲಿಯ ಮೇಲೆ ಒಂದು ರಾಸಾಯನಿಕದ ಹೆಸರಿತ್ತು. ಕ್ಯಾನಿನ ಮೇಲೆ ಎರಡಿದ್ದವು. ಎರಡನೆಯದು ಬಾಟಲಿಯದೇ ಹೆಸರು. ನಾನು ಆ ಒಂದನ್ನೇ ಗಟ್ಟಿಯಾಗಿ ಓದಿದೆ. ಅದರ ಮುಂದಿದ್ದ ಇನ್ನೊಂದು ಹೆಸರು ನನ್ನ ಕಣ್ಣಿಗೆ ಬಿದ್ದಿತ್ತು. ಸುಳ್ಳು ಹೇಳಲಿಲ್ಲ ನೋಡಿ. ಚರ್ಚೆಯಲ್ಲಿ ಇದಕ್ಕೆ ಸುಳ್ಳು ಅನ್ನುವುದಿಲ್ಲ. ನಿನಗೆ ಬೇಕಾದ ಪುರಾವೆ ನೀನು ಕೊಡು, ಉಳಿದದ್ದನ್ನು ಎದುರಾಳಿ ಹುಡುಕಿಕೊಳ್ಳಲಿ ಎಂದು ಕಲಿಸುತ್ತಾರೆ. ಎದುರಾಳಿಯ ಬಳಿ ಕನ್ನಡಕವಿರಲಿಲ್ಲ.

ಆಮೇಲೆ ನೆಕ್ಕುವ ಮಾತನ್ನು ಬಿಚ್ಚಿಕೊಂಡೆ. ಒಂದು ಕೋಣದ ಬೆನ್ನಿಗೆ ಎಷ್ಟು ಔಷಧ ಅಂಟುತ್ತದೆ, ಅದರಲ್ಲಿ ಎಷ್ಟು ಒಣಗಿ ಹೋಗುತ್ತದೆ, ನಾಲಿಗೆಗೆ ಬರುವುದೆಷ್ಟು, ಕೋಣದ ತೂಕವೆಷ್ಟು. ಬೆರಳು ಮಡಚಿ ಮಡಚಿ ಹೇಳಿದೆ. ನೀವು ನೋಡಿದ್ದೀರಾ, ಎಲ್ಲಿ, ಯಾವಾಗ, ಎಷ್ಟು ಸತ್ತವು ಎಂದು ಕೇಳಿದೆ. ಎಲ್ಲೋ ಒಂದು ಕಡೆ ನೋಡೀನಿ ಎಂದರು, ಹಳೇ ಮಾತು. ಹಳೇ ಮಾತು ಪುರಾವೆಯಲ್ಲ ಎಂದೆ. ಮಾಲಕರ ತಮ್ಮ ಚಪ್ಪಾಳೆ ತಟ್ಟಿದ. ಕಾಕಾ ಕೂಡ ನಕ್ಕರು.

"ವಕೀಲವ್ವ ಗೆದ್ದಳು. ಆದ್ರೂ ಹೊಡೀಬ್ಯಾಡ್ರಿ. ನಾಳೆ ನಾಶಿಕ್‌ಕ ಹೋಗಿ ಇಟ್ಟಂಗಿ ನಾನs ತರ್ತೀನಿ. ಹದಿನೈದು ದಿವಸ ನೆಕ್ಕಲಿ."

ಸೋಮವಾರ ಹೋದರು. ಮಂಗಳವಾರ ಬೆಳಿಗ್ಗೆ ನಾನು ಕಾಲೇಜಿನ ವರಾಂಡದಲ್ಲಿದ್ದಾಗ ಫೋನು ಬಂತು.

"ದೀದಿ, ಏಕ್ ಲೀಟರ್ ಪಾನೀ ಮೇಂ ಕಿತನಾ ಡಾಲನಾ?"

ಒಂದು ಲೀಟರ್ ನೀರಿಗೆ ಎಷ್ಟು ಹಾಕಬೇಕು. ಎಷ್ಟು ಸರಳ ಪ್ರಶ್ನೆ. ಕಾಕಾ ಬೇಡ ಎಂದಿದ್ದರಲ್ಲ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಯಾರೋ ನನ್ನ ವಾದವನ್ನು ನಿಜವಾಗಿ ಕೆಲಸಕ್ಕೆ ಹಚ್ಚುತ್ತಿದ್ದಾರೆ, ಅದೂ ಬೆಳಿಗ್ಗೆ ಬೆಳಿಗ್ಗೆ, ಎಂಬ ಹಿಗ್ಗು. ಮೊಬೈಲಿನಲ್ಲಿ ದನದ ಔಷಧದ ಪ್ರಮಾಣ ಹುಡುಕಿ, ಅದನ್ನೇ ಹೇಳಿದೆ. ಎರಡು ಸಲ ಹೇಳಿದೆ, ತಪ್ಪಾಗಬಾರದೆಂದು.

ಹನ್ನೊಂದು ಗಂಟೆಗೆ ಮತ್ತೆ ಫೋನು. ಬಾಯಲ್ಲಿ ಜೊಲ್ಲು ಸುರಿಯುತ್ತಿದೆ, ಕಾಲು ನಡುಗುತ್ತಿದೆ ಎಂದ. ಈ ಸಲ ನಗುತ್ತಿರಲಿಲ್ಲ. ನಾನು ಕಾಕಾಗೆ ಫೋನು ಮಾಡಿದೆ. ಅವರು ವಾಪಸು ಬರುವ ಬಸ್ಸಿನಲ್ಲಿದ್ದರು. ಹೊಡೆದರು ಕಾಕಾ, ಪ್ರಮಾಣ ನಾನೇ ಹೇಳಿದೆ ಎಂದೆ. ಕ್ಯಾನಿನ ಮೇಲೆ ಇನ್ನೊಂದು ಹೆಸರೂ ಇತ್ತು ಎಂದೆ. ಬಸ್ಸಿನ ಸದ್ದಿನ ನಡುವೆ ಅವರು ಒಂದೊಂದಾಗಿ ಹೇಳಿದರು. ಸರಕಾರಿ ದವಾಖಾನೆಯ ಡಾಕ್ಟರನ್ನು ಕರೆಸು. ಕ್ಯಾನು ತೆಗೆದಿಟ್ಟುಕೊಂಡು ತೋರಿಸು. ಸೋಪು ಹಚ್ಚಿ ಮೈ ತೊಳೆಸು. ಎಲ್ಲಕ್ಕಿಂತ ಮೊದಲು ದೂರ ದೂರ ಕಟ್ಟಿಸು, ಒಂದಕ್ಕೊಂದು ನಾಲಿಗೆ ನಿಲುಕಬಾರದು.

ರಿಕ್ಷಾ ಹಿಡಿದು ಹೋದೆ. ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಬರೆದು ಅಳಿಸಿದ್ದೇನೆ. ನಲವತ್ತೆರಡು ಕೋಣಗಳನ್ನು ದೂರ ದೂರ ಕಟ್ಟಲು ಆ ಶೆಡ್ಡಿನಲ್ಲಿ ಜಾಗವಿರಲಿಲ್ಲ, ಹೊರಗೆ ಎಳೆಯಲು ಜನವಿರಲಿಲ್ಲ. ಅವು ನಡುಗುತ್ತಿದ್ದವು, ಉಸಿರು ಸಿಕ್ಕಿಕೊಳ್ಳುತ್ತಿತ್ತು, ಮೂಗಿನಿಂದ ಬಾಯಿಂದ ನೊರೆ. ಹಾಗಿದ್ದೂ ನೆಕ್ಕುತ್ತಿದ್ದವು. ಮುಂಗಾಲು ಮಡಿಸಿ ಬಿದ್ದದ್ದು ಕೂಡ ಕತ್ತು ಚಾಚಿ ಪಕ್ಕದ್ದರ ಪಕ್ಕೆ ನೆಕ್ಕುತ್ತಿತ್ತು. ಕೋಣದ ನಾಲಿಗೆ ಉಪ್ಪುಕಾಗದದ ಹಾಗೆ. ಒದ್ದೆ ತೊಗಲಿನ ಮೇಲೆ ಸರ್, ಸರ್ ಎಂದು ಸದ್ದಾಗುತ್ತದೆ. ನಾನು ಪೈಪು ಹಿಡಿದು ನೀರು ಬಿಡುತ್ತಿದ್ದೆ, ನೀರಿನ ಸದ್ದಿನ ಮೇಲೂ ಅದು ಕೇಳುತ್ತಿತ್ತು. ಅವುಗಳ ಮೈಮೇಲೆ ಒಂದೂ ನೊಣವಿರಲಿಲ್ಲ.

ಡಾಕ್ಟರು ಬಂದು, ಕ್ಯಾನಿನ ಮೇಲಿನ ಮೊದಲ ಹೆಸರು ನೋಡಿ, ಇದು ದನದ ಮೈಗೆ ಹಾಕುವಂಥದ್ದೇ ಅಲ್ಲ ಎಂದು ಸೂಜಿ ಚುಚ್ಚತೊಡಗಿದರು. ಹನ್ನೊಂದು ಸತ್ತವು, ಉಳಿದವು ಉಳಿದವು. ಮೂರು ಗಂಟೆಯ ಹೊತ್ತಿಗೆ ಕಾಕಾ ಎರಡು ಚೀಲ ಇಟ್ಟಿಗೆ ಹೊತ್ತುಕೊಂಡು ಗೇಟಿನಲ್ಲಿ ಇಳಿದರು. ಮಾಲಕರು ಇದ್ದರು, ತಮ್ಮನಿದ್ದ, ನಾನಿದ್ದೆ. ಡಾಕ್ಟರು ಕ್ಯಾನು ಎತ್ತಿ ಹಿಡಿದು, ಇದನ್ನು ಹೊಡೆಯಲು ಹೇಳಿದವರು ಯಾರು, ಪ್ರಮಾಣ ಕೊಟ್ಟವರು ಯಾರು ಎಂದು ಮರಾಠಿಯಲ್ಲಿ ಕೇಳಿದರು. ಮಾಲಕರ ತಮ್ಮ ನನ್ನ ಮುಖ ನೋಡಿದ. ಬಾಯಿ ತೆರೆದೂ ತೆರೆದ.

"ಮೀಚ್ ಸಾಂಗಿತಲಂ, ಸಾಹೇಬ್" ಎಂದರು ಕಾಕಾ. "ಫೋನ್‌ವರ್."

ಹೇಳಿದ್ದು ನಾನೇ, ಫೋನಿನಲ್ಲಿ, ಎಂದು. ಅವರು ಹೆಗಲ ಮೇಲಿನ ಚೀಲ ಇನ್ನೂ ಇಳಿಸಿರಲಿಲ್ಲ. ಮಾಲಕರ ತಮ್ಮ ಬಾಯಿ ಮುಚ್ಚಿಕೊಂಡ, ಅವನಿಗೂ ಅದೇ ಅನುಕೂಲವಾಗಿತ್ತು. ನಾನು ಪೈಪು ಹಿಡಿದು ನಿಂತಿದ್ದೆ. ಆ ಹೊತ್ತಿಗೆ ಹೇಳಿದ್ದು ನಾನು ಎಂಬ ಎರಡು ಶಬ್ದ ಸಾಕಿತ್ತು, ಮೂರನೆಯದು ಬೇಕಿರಲಿಲ್ಲ. ಎಂಟು ನಿಮಿಷ ನಿಲ್ಲದೆ ಮಾತಾಡಬಲ್ಲವಳು ನಾನು.

ಮಾಲಕರು ಒಳ್ಳೆಯವರು, ಕೂಗಾಡಲಿಲ್ಲ. ಕಾಕಾ, ಇನ್ನು ನೀವು ಆರಾಮ ಮಾಡಿರಿ ಎಂದು ಹಿಂದಿಯಲ್ಲಿ ಹೇಳಿದರು, ಅಷ್ಟೇ. ಅಷ್ಟರಲ್ಲೇ ಎಲ್ಲ ಇತ್ತು.

ವಾಪಸು ಬರುವಾಗ, ಅವರು ಶೆಡ್ಡಿನಲ್ಲೇ ಬಿಟ್ಟುಹೋಗಿದ್ದ ಸ್ಕೂಟರಿನಲ್ಲಿ ನಾನು ಅಳುತ್ತಿದ್ದೆ. ಅವರು ಒಂದು ಕಡೆ ನಿಲ್ಲಿಸಿ, ಮುಖ ತೊಳೆದುಕೋ, ನಿಮ್ಮವ್ವ ನೋಡಿದರೆ ಗಾಬರಿಯಾಗುತ್ತಾಳೆ ಎಂದರು. ಆಗ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಮೊನ್ನೆ ನೀ ಗೆದ್ದದ್ದು ಖರೇನವಾ. ನನಗ ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲ ಅಂದ್ರ ಮಾತು ಸುಳ್ಳು ಅಂತಲ್ಲ, ಅಷ್ಟs."

ಮತ್ತೆ ಸ್ವಲ್ಪ ದೂರ ಹೋದ ಮೇಲೆ, ಕೋಣಗಳು ತನ್ನ ತಾಬೆಯಲ್ಲಿದ್ದವು, ಆ ಕ್ಯಾನನ್ನು ಬೀಗ ಹಾಕಿ ಇಡದೆ ಹೋದದ್ದು ತಾನು ಎಂದರು. ಅವರು ನನ್ನ ಮೇಲಿನ ಕನಿಕರಕ್ಕೆ ಹಾಗೆ ಮಾಡಿದರೋ, ನಿಜವಾಗಿಯೂ ತಮ್ಮದೇ ತಪ್ಪು ಅಂದುಕೊಂಡಿದ್ದರೋ, ಇಷ್ಟು ವರ್ಷವಾದರೂ ನನಗೆ ತೀರ್ಮಾನಿಸಲು ಆಗಿಲ್ಲ. ಎರಡು ಕಡೆಗೂ ಒಳ್ಳೊಳ್ಳೆಯ ವಾದಗಳಿವೆ.

ನಾನು ಯಾರಿಗೂ ಹೇಳಲಿಲ್ಲ. ಕಾರಣಗಳಿದ್ದವು. ಮುಂದಿನ ವಾರ ರಾಜ್ಯ ಮಟ್ಟದ ಸ್ಪರ್ಧೆಯಿತ್ತು. ಅಪ್ಪನ ಎದೆನೋವಿತ್ತು. ಪೊಲೀಸು, ಕೋರ್ಟು ಅಂತಾದರೆ ಎಂಬ ಹೆದರಿಕೆಯಿತ್ತು. ನನ್ನ ಹತ್ತಿರ ಕಾರಣಗಳಿಗೆ ಎಂದೂ ಬರವಿಲ್ಲ. ಆ ಸ್ಪರ್ಧೆಯಲ್ಲಿ ಗೆದ್ದೆ. ಎದುರಿನ ಹುಡುಗ ತಡವರಿಸಿ, ನೀರು ಕುಡಿದು, ಮತ್ತೆ ತಡವರಿಸಿದಾಗ ನನಗೆ ಆ ನೆಕ್ಕುವ ಸದ್ದು ಕೇಳಿತು. ಸರ್, ಸರ್. ಸಭಾಂಗಣದ ಹಿಂದೆ ಯಾರೋ ಕಸ ಗುಡಿಸುತ್ತಿದ್ದಾರೆ ಎಂದುಕೊಂಡು ತಿರುಗಿ ನೋಡಿದೆ, ಯಾರೂ ಇರಲಿಲ್ಲ. ದೆವ್ವ ಭೂತವನ್ನು ನಂಬುವವಳಲ್ಲ ನಾನು. ಈಗಲೂ ನಂಬುವುದಿಲ್ಲ. ಆದರೆ ಎದುರಿನವರಿಗೆ ಉತ್ತರ ಹೊಳೆಯದೆ ಬಾಯಿ ಒಣಗಿದಾಗಲೆಲ್ಲ ಅದು ಕೇಳುತ್ತದೆ. ಕಿವಿಯ ಡಾಕ್ಟರಿಗೂ ತೋರಿಸಿದೆ, ಕಿವಿ ಸರಿಯಾಗಿದೆಯಂತೆ.

ಬಿಡಕಿನ್ ದಾರಿಯ ಹಳ್ಳಿಗಳಲ್ಲಿ ಮೊದಲೆಲ್ಲ ಕಾಕಾನ ಸ್ಕೂಟರಿಗೆ ಜನ ಅಡ್ಡ ನಿಂತು, ಎಮ್ಮೆ ಗಬ್ಬ ನಿಲ್ಲುತ್ತಿಲ್ಲ, ಕರು ಮಣ್ಣು ತಿನ್ನುತ್ತದೆ ಎಂದು ಕೇಳುತ್ತಿದ್ದರು. ಅದು ನಿಂತಿತು. ಆ ಮುದುಕ ಔಷಧ ಹೆಚ್ಚು ಹಾಕಿ ಹನ್ನೊಂದು ರೇಡಾ ಕೊಂದ ಎಂಬುದು ಅವರಿಗಿಂತ ಮುಂಚೆ ಊರೂರು ಮುಟ್ಟಿತ್ತು. ವರ್ಷದೊಳಗೆ ಸ್ಕೂಟರು ಮಾರಿ ನಾಶಿಕ್‌ಗೆ ಮಗಳ ಮನೆಗೆ ಹೋದರು.

ಅಪ್ಪನಿಗೆ ನಾಶಿಕ್‌ಗೆ ವರ್ಗವಾಗಿ ನಾವೂ ಅಲ್ಲಿಗೆ ಹೋದೆವು. ಕಾಕಾನ ಅಳಿಯನಿಗೆ ಸಾತಪುರದ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅವರ ಫ್ಲ್ಯಾಟು ನಮ್ಮ ಮನೆಯಿಂದ ಎರಡು ಗಲ್ಲಿ ದಾಟಿದರೆ ಸಿಗುತ್ತಿತ್ತು. ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಚುರುಕಿನ ಹೆಂಗಸು, ಮಾತು ಕಟ್ಟುನಿಟ್ಟು. ಮೊಮ್ಮಗಳು ಆಗ ಐದರವಳು. ಅಜ್ಜನ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮರಾಠಿಯಲ್ಲಿ ಕೊಡುತ್ತಿದ್ದಳು. ಕಾಕಾ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಪಾಳಿ ಬಿಟ್ಟ ಮೋಟಾರ್‌ಸೈಕಲ್ಲುಗಳನ್ನು ನೋಡುತ್ತಿದ್ದರು. ಎಣಿಸುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು.

ಒಂದು ಸಂಜೆ ನಾನು ಹೋದಾಗ ಮಗುವಿಗೆ ಜ್ವರ. ಅಕ್ಕ ನನಗೆ ಚಹಾ ಕೊಟ್ಟು ಒಳಗೆ ಹೋದಳು. ಜ್ವರದ ಔಷಧ ಮೇಜಿನ ಮೇಲಿತ್ತು. ಹೊತ್ತಾಯಿತೆಂದು ಕಾಕಾ ಬಾಟಲಿ ತೆಗೆದು, ಮುಚ್ಚಳದ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುರಿಯಲು ಹೋದರು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ಕನ್ನಡಕವೂ ಇತ್ತು. ಅಕ್ಕ ಒಳಗಿನಿಂದ ಬಂದವಳು ನೋಡಿ, ಎರಡೇ ಹೆಜ್ಜೆಗೆ ಬಂದು ಬಾಟಲಿ ಕಸಿದುಕೊಂಡಳು.

"ಅಪ್ಪಾ, ನೀವು ಬ್ಯಾಡ್ರಿ. ಎಷ್ಟ್ ಸಲ ಹೇಳಬೇಕು? ಪ್ರಮಾಣದ ಕೆಲಸ ನಿಮ್ಮ ಕೈಲೆ ಬ್ಯಾಡ."

ಕಾಕಾ ಮುಚ್ಚಳವನ್ನೂ ಕೊಟ್ಟುಬಿಟ್ಟರು. "ಹೌದು ಹೌದು, ನೀನs ಹಾಕವಾ" ಎಂದರು. ಹಾಗೆಂದವರು ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ಶೆಡ್ಡಿನಲ್ಲಿ ನಾನು ಹೆದರಿ ಸುಮ್ಮನಿದ್ದೆ ಎನ್ನಬಹುದು. ಇಲ್ಲಿ ಯಾವ ಹೆದರಿಕೆ? ಇಲ್ಲಿ ಪೊಲೀಸಿರಲಿಲ್ಲ, ಡಾಕ್ಟರಿರಲಿಲ್ಲ. ಹಾಸಿಗೆಯ ಮೇಲೆ ಒಂದು ಮಗು, ಅಜ್ಜನ ಕೈಯಿಂದ ತಾಯಿಯ ಕೈಗೆ ಹೋದ ಬಾಟಲಿಯನ್ನು ನೋಡುತ್ತಿತ್ತು. ನಾನು ಚಹಾ ಕುಡಿದು ಮುಗಿಸಿದೆ. ಕಪ್ಪು-ಬಸಿ ಕೆಳಗಿಡುವಾಗ ಸದ್ದಾಗದಂತೆ ಇಟ್ಟೆ.

ಮಾರನೇ ವಾರ ಅವರನ್ನು ಗಲ್ಲಿಯ ಕೊನೆಯ ಗೇಟಿಲ್ಲದ ಪಾರ್ಕಿನ ಬೆಂಚಿಗೆ ಕರೆದುಕೊಂಡು ಹೋಗಿ, ಅಕ್ಕನಿಗೆ ಹೇಳಿಬಿಡುತ್ತೇನೆ ಎಂದೆ. ಪೂರ್ತಿ ತಯಾರಿ ಮಾಡಿಕೊಂಡಿದ್ದೆ, ಮೊದಲ ವಾಕ್ಯದಿಂದ ಕೊನೆಯ ವಾಕ್ಯದವರೆಗೆ. ಅವರು ಕೇಳಿಸಿಕೊಂಡರು.

"ಹೇಳಿದ್ರ ಏನಾಗತೈತಿ? ಹನ್ನೊಂದು ಎದ್ದು ನಿಂದರ್ತಾವೇನು? ನಿನಗ ಹಗರ ಆಗತೈತಿ, ಅದೊಂದು. ಅಕಿಗೆ ಭಾರ ಆಗತೈತಿ. ಅಪ್ಪಗ ಹಿಂಗ ಅಂದೆನಲ್ಲ ಅಂತ ಅಕಿ ಜನ್ಮಪೂರ್ತಿ ಕೊರಗಬೇಕು. ಬ್ಯಾಡ ಬಿಡು."

ಅವರ ಜೀವನದಲ್ಲಿ ಅವರು ನನ್ನೆದುರು ಗೆದ್ದ ಒಂದೇ ವಾದ ಅದು. ಎಷ್ಟು ಬೇಗ ಸೋತೆನೆಂದರೆ ನನಗೇ ನಾಚಿಕೆಯಾಗುತ್ತದೆ. ಆ ವಾದದಲ್ಲಿ ನೂರು ತೂತುಗಳಿದ್ದವು. ಒಂದಕ್ಕೂ ಬೆರಳು ಹಾಕಲಿಲ್ಲ. ನನಗೆ ಬೇಕಾದ ತೀರ್ಪು ಬಂದಿತ್ತು, ತೆಗೆದುಕೊಂಡು ಮನೆಗೆ ಬಂದೆ.

ಆಮೇಲೆ ಮೂರು ವರ್ಷ ಬದುಕಿದ್ದರು. ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದರು. ಐದನೆಯ ದಿನ ಬೆಳಿಗ್ಗೆ, ನರ್ಸು ಗುಳಿಗೆ ತಂದಾಗ, ಇದು ಯಾವುದವಾ, ಎಷ್ಟು ಮಿಲಿಗ್ರಾಂ ಎಂದು ಕೇಳಿ, ಆಕೆ ಹೇಳಿದ್ದಕ್ಕೆ ತಲೆಯಾಡಿಸಿ, ನುಂಗಿ, ಮಲಗಿದವರು ಏಳಲಿಲ್ಲ. ಇದನ್ನು ಹೇಳಿದವಳು ಅಕ್ಕ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಅವಳಿಗೆ ಕೈಜೋಡಿಸಲು ಹೋಗಿದ್ದೆ. ಧೋತರ, ಅಂಗಿಗಳನ್ನು ಮಡಿಚಿ ಗಂಟು ಕಟ್ಟುತ್ತಿದ್ದೆವು. ಅವಳು ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಅಪ್ಪ ಜನ್ಮದಲ್ಲಿ ಒಂದು ಇರುವೆಗೂ ಕೇಡು ಬಯಸಿದವರಲ್ಲ, ಅದೊಂದು ತಪ್ಪು ಬಿಟ್ಟರೆ, ವಯಸ್ಸಾಗಿತ್ತು ಪಾಪ, ಲೆಕ್ಕ ತಪ್ಪಿತು ಎಂದಳು. ಎಷ್ಟು ಪ್ರೀತಿಯಿಂದ ಹೇಳಿದಳೆಂದರೆ, ಅವಳು ಅವರನ್ನು ಪೂರ್ತಿ ಕ್ಷಮಿಸಿದ್ದಾಳೆಂದು ನನಗೆ ಗೊತ್ತಾಯಿತು. ಅವರಿಗೆ ಬೇಕಿಲ್ಲದ ಕ್ಷಮೆ. ಅದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಲೆಕ್ಕ ತಪ್ಪಿದ್ದು ಅವರದಲ್ಲಕ್ಕಾ. ಫೋನಿನ್ಯಾಗ ಹೇಳಿದಾಕಿ ನಾನು."

ಎಲ್ಲ ಹೇಳಿದೆ. ಕ್ಯಾನಿನ ಮೇಲಿನ ಎರಡು ಹೆಸರು, ಕನ್ನಡಕ, ವರಾಂಡ, ಗೇಟಿನಲ್ಲಿ ಅವರು ಅಂದದ್ದು, ಬೆಂಚಿನ ಮೇಲೆ ಅಂದದ್ದು. ಈ ಸಲ ತಯಾರಿ ಇರಲಿಲ್ಲ, ಹಿಂದುಮುಂದಾಗಿ ಬಂತು. ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಆ ಬಾಟ್ಲಿ ಎಷ್ಟ್ ಸಲ ಕಸ್ಕೊಂಡೀನಿ ಗೊತ್ತೈತೇನು ನಿನಗ?" ಎಂದಳು. "ಒಂದ್ ಸಲ ಅಲ್ಲ. ಮೂರು ವರ್ಷ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈಯಲಿಲ್ಲ. ಬೈದಿದ್ದರೆ ನನಗೊಂದು ಆಸರೆಯಾಗುತ್ತಿತ್ತು. ಕಾಕಾ ಹೇಳಿದ ಹಾಗೇ ಆಗಿತ್ತು, ಒಂದೂ ತಪ್ಪದೆ. ನನ್ನ ಎದೆಯಿಂದ ಏನೋ ಇಳಿಯಿತು, ಅದು ಅವಳ ಮೇಲೆ ಕೂತದ್ದು ಕಣ್ಣಿಗೆ ಕಾಣುತ್ತಿತ್ತು. ಬಾಗಿಲ ತನಕ ಬಂದಾಗ ಹಿಂದಿನಿಂದ ಹೇಳಿದಳು, ನಾಳೆ ಸಂಜೆ ಬಾ, ಮಗಳು ಸಾಲಿಯಿಂದ ಬಂದಿರುತ್ತಾಳೆ, ಅವಳ ಮುಂದೆ ಇದನ್ನೇ ಹೇಳು, ಅಜ್ಜನನ್ನು ಹಾಗೆ ತಿಳಿದುಕೊಂಡು ಅವಳು ಬೆಳೆಯಬಾರದು.

ಹೋದೆ. ಈಗ ಎಂಟರ ಹುಡುಗಿ, ಯೂನಿಫಾರ್ಮ್ ಇನ್ನೂ ಬಿಚ್ಚಿರಲಿಲ್ಲ. ಮರಾಠಿಯಲ್ಲಿ, ಅವಳಿಗೆ ತಿಳಿಯುವ ಹಾಗೆ, ಅಜ್ಜ ಯಾವ ತಪ್ಪೂ ಮಾಡಿರಲಿಲ್ಲ, ತಪ್ಪು ಮಾಡಿದ್ದು ನಾನು, ಅಜ್ಜ ತನ್ನ ಮೇಲೆ ಹಾಕಿಕೊಂಡರು ಎಂದೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಹುಡುಗಿ ಎಲ್ಲ ಕೇಳಿ, ಮೇಜನ್ನೊಮ್ಮೆ ನೋಡಿ, ನನ್ನನ್ನು ನೋಡಿದಳು.

"ಮಾವಶೀ, ಮಲಾ ತಾಪ್ ಆಲಾ ಹೋತಾ ತೇವ್ಹಾ ತೂ ಪಣ್ ಇಥೇಚ್ ಹೋತೀಸ್ ನಾ?"

ಚಿಕ್ಕಮ್ಮಾ, ನನಗೆ ಜ್ವರ ಬಂದಿತ್ತಲ್ಲ, ಆವತ್ತು ನೀನೂ ಇಲ್ಲೇ ಇದ್ದೆ, ಅಲ್ಲವಾ.

ಇದ್ದೆ ಎಂದೆ.